ತುಳಸವ್ವನ ತಂಬಿಗೆ

ಓದು ಬಿಟ್ಟವರನ್ನು ಹಿಡಿದು ನಿಲ್ಲಿಸಿ, ಯಾವತ್ತು ಬಿಟ್ಟಿರಿ ಅಂತ ಕೇಳಿ ನೋಡಿ. ಮದುವೆಯಾದ ದಿನ ಹೇಳುತ್ತಾರೆ, ಹಲ್ಲು ಕೀಳಿಸಿದ ದಿನ ಹೇಳುತ್ತಾರೆ, ಓದು ಬಿಟ್ಟ ದಿನ ಮಾತ್ರ ಒಬ್ಬರಿಗೂ ನೆನಪಿರುವುದಿಲ್ಲ. ಯಾಕೆಂದರೆ ಅಂಥದೊಂದು ದಿನವೇ ಇರುವುದಿಲ್ಲ. ಪುಸ್ತಕ ತೆರೆದು ಕೂತಿರುತ್ತಾರೆ. ಹಾಲು ಉಕ್ಕುತ್ತದೆ, ಫೋನು ಬಡಿದುಕೊಳ್ಳುತ್ತದೆ, ಯಾರೋ ಬಾಗಿಲಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ಏಳುತ್ತಾರೆ. ಸಂಜೆಗೆ ಕೂತರಾಯಿತು ಅಂದುಕೊಳ್ಳುತ್ತಾರೆ, ಆಮೇಲೆ ನಾಳೆ ಅನ್ನುತ್ತಾರೆ. ಅಲ್ಲಿಗೆ ಕಥೆ ಮುಗಿದಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ.

ಇದನ್ನು ಕಂಡುಕೊಂಡವರು ಮೆದುಳಿನ ವಿಜ್ಞಾನಿ ಡಾ. ವತ್ಸಲಾ ಕುಂದರಗಿ. ಗುಡ್ಡದ ಮೇಲಿನ ಆ ವಿಶ್ವವಿದ್ಯಾಲಯಕ್ಕೆ ಅವರು ಬಂದಾಗ, ಸೇರಿದ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿ ಪದವಿಗೆ ಮೊದಲೇ ಕರಗಿಹೋಗುತ್ತಿದ್ದರು. ಬುದ್ಧಿ ಕಡಿಮೆ ಅಂದರು ಕೆಲವರು. ಎಲ್ಲಾ ಮೊಬೈಲಿನ ಮಹಿಮೆ ಅಂದರು ಹಲವರು. ವತ್ಸಲಾ ಮೇಡಂ ವರ್ಷಗಟ್ಟಲೆ ಹುಡುಗರ ತಲೆಗೆ ತಂತಿ ಅಂಟಿಸಿ ನೋಡಿ, ಒಂದು ಸಭೆಯಲ್ಲಿ ಎದ್ದು ನಿಂತು ಹೇಳಿದರು: "ನಮ್ಮ ಹುಡುಗರಿಗೆ ಕೂಡ್ಲಿಕ್ಕೆ ಬರ್ತದ, ಏಳ್ಲಿಕ್ಕೂ ಬರ್ತದ. ಎದ್ದ ಮ್ಯಾಲೆ ತಿರುಗಿ ಬಂದು ಕೂಡ್ಲಿಕ್ಕೆ ಬರೂದಿಲ್ಲ. ಇರೋ ರೋಗ ಇದೊಂದ."

ಅದಕ್ಕೆ ಅವರು ಹೇಳಿದ ಮದ್ದು ಕೇಳಿ ಸಭೆಗೆ ಸಭೆಯೇ ನಕ್ಕಿತು. ಎಷ್ಟು ಸಲ ಎಬ್ಬಿಸಿದರೂ ತಿರುಗಿ ಬಂದು ಕೂರುವ ಒಂದು ಜೀವವನ್ನು ಹುಡುಕುವುದು, ಆ ಜೀವದ ಅಭ್ಯಾಸವನ್ನು ಉಳಿದವರ ತಲೆಗೆ ಕಸಿ ಕಟ್ಟುವುದು. ಮಾವಿನ ಗಿಡಕ್ಕೆ ಕಟ್ಟುವುದಿಲ್ಲವೇ, ಹಾಗೆ. ನಗುವವರು ನಗಲಿ ಎಂದು ಮೇಡಂ ಹುಡುಕಿಯೇ ಬಿಟ್ಟರು. ಸಿಕ್ಕವಳು ಅಂಬುಜಾ.

ಅಂಬುಜಾ ಗುಳೇದಗುಡ್ಡದ ನೇಕಾರರ ಮನೆಯ ಹುಡುಗಿ. ಅಪ್ಪ ಇರಲಿಲ್ಲ. ಕುಪ್ಪಸದ ಖಣ ನೇಯುತ್ತಿದ್ದ ಅವ್ವ ತುಳಸವ್ವನಿಗೆ ಲಕ್ವಾ ಹೊಡೆದು ಬಲಮಗ್ಗುಲೂ ಹೋಗಿತ್ತು, ಮಾತೂ ಹೋಗಿತ್ತು. ಎಡಗೈ ಒಂದು ಉಳಿದಿತ್ತು. ಆ ಕೈಯಲ್ಲಿ ಅವಳು ಹಳೇ ಲಾಳಿ ಹಿಡಿದಿರುತ್ತಿದ್ದಳು, ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಮರದ ಲಾಳಿ. ಅದರಿಂದ ಮಂಚದ ಸರಳಿಗೆ ಟಕ್ ಟಕ್ ಎಂದು ತಟ್ಟಿದರೆ ನೀರು ಬೇಕು ಎಂದರ್ಥ, ಇಲ್ಲಾ ಮಗ್ಗುಲು ಬದಲಿಸಬೇಕು, ಇಲ್ಲಾ ಸುಮ್ಮನೆ ಮಗಳ ಮುಖ ನೋಡಬೇಕು. ಅಂಬುಜಾ ಆಚೆಯ ಕೋಣೆಯಲ್ಲಿ ಕೂತು ಇತಿಹಾಸದ ಎಂ.ಎ. ಓದುತ್ತಿದ್ದಳು. ತಟ್ಟಿದ ಕೂಡಲೇ ಏಳುವಳು, ತಂಬಿಗೆಯಿಂದ ನೀರು ಕುಡಿಸುವಳು, ಸೆರಗಿನಿಂದ ಅವ್ವನ ಬಾಯಿ ಒರೆಸುವಳು, ಬಂದು ಕೂತು ಬಿಟ್ಟ ಸಾಲಿನ ಬಿಟ್ಟ ಪದಕ್ಕೇ ಬೆರಳಿಡುವಳು. ಸಿಡುಕಿಲ್ಲ, ನಿಟ್ಟುಸಿರಿಲ್ಲ. ಅವಳ ಮೆದುಳಿನ ತರಂಗಗಳನ್ನು ಪರದೆಯ ಮೇಲೆ ಕಂಡ ದಿನ ಮೇಡಂ ಅತ್ತುಬಿಟ್ಟರಂತೆ.

ಮೊದಲು ಆ ತರಂಗಗಳನ್ನು ಮುದ್ರಿಸಿಕೊಂಡು, ವಿದ್ಯಾರ್ಥಿಗಳ ಹಿಂದಲೆಗೆ ಕಟ್ಟಿದ ಪಟ್ಟಿಗಳಲ್ಲಿ ಹಾಯಿಸಿ ನೋಡಿದರು. ವಾರವೊಪ್ಪತ್ತಿನಲ್ಲಿ ಕಸಿ ಒಣಗಿತು. ಹಗಲೆಲ್ಲ ತಿರುಗುವ ಫ್ಯಾನಿನ ಸದ್ದನ್ನು ಕಿವಿ ಕೇಳುವುದು ಬಿಡುತ್ತದಲ್ಲ, ಹಾಗೆ ಮೆದುಳು ಆ ಮುದ್ರಣಕ್ಕೆ ಬೆನ್ನು ತಿರುಗಿಸಿತು. ಜೀವಂತ ತರಂಗವೇ ಬೇಕು, ಆಗಿಂದಾಗಲೇ ಬರಬೇಕು ಎಂದಾಯಿತು. ತಾಯಿಗಿಡ ಓದುತ್ತಲೇ ಇರಬೇಕು, ಏಳುತ್ತಲೇ ಇರಬೇಕು. ತಾಯಿ ಮಗಳಿಬ್ಬರನ್ನೂ ಕರೆತಂದು ವಿಶ್ವವಿದ್ಯಾಲಯದ ದೊಡ್ಡ ಗೇಟಿನ ಪಕ್ಕದ ಕ್ವಾರ್ಟರ್ಸಿನಲ್ಲಿ ಇಟ್ಟರು, ಅಂಬುಜಾಳ ಹಿಂದಲೆಗೂ ತರಂಗ ಕಳಿಸುವ ಪಟ್ಟಿ ಕಟ್ಟಿದರು. ಔಷಧ, ಡಾಕ್ಟರು, ಮೆತ್ತನೆ ಹಾಸಿಗೆ, ಎಲ್ಲ ಕೊಟ್ಟರು. ನರ್ಸನ್ನು ಮಾತ್ರ ಕೊಡಲಿಲ್ಲ. ನರ್ಸು ಬಂದರೆ ಅಂಬುಜಾ ಏಳುವುದು ನಿಲ್ಲುತ್ತದಲ್ಲ.

ಊರಿಗೆ ಹೋಗಿ ಸಾಲಿಯಲ್ಲಿ ಟೀಚರ್ ಆಗಬೇಕು, ಅವ್ವನನ್ನು ಅವಳ ಮಗ್ಗದ ಮನೆಯಲ್ಲೇ ಮಲಗಿಸಿಕೊಳ್ಳಬೇಕು ಎಂಬುದು ಅಂಬುಜಾಳ ಆಸೆ. ಎಂ.ಎ. ಮುಗಿದ ದಿನ ಮೇಡಂ ಅರ್ಥಶಾಸ್ತ್ರದ ಪುಸ್ತಕಗಳನ್ನು ತಂದು ಮೇಜಿನ ಮೇಲಿಟ್ಟರು. ಅದು ಮುಗಿದ ಮೇಲೆ ಸಮಾಜಶಾಸ್ತ್ರ. "ಇನ್ನೊಂದ ವರ್ಷವಾ ಅಂಬುಜಾ. ಅಷ್ಟರಾಗ ಬ್ಯಾರೆ ಯಾರರೆ ಸಿಗ್ತಾರ," ಅಂದರು. ಯಾರೂ ಸಿಗಲಿಲ್ಲ. ಹುಡುಕಿದ್ದರೋ ಇಲ್ಲವೋ ಅದೂ ಗೊತ್ತಿಲ್ಲ.

ಹೊರಗೆ ಮಾತ್ರ ಹಬ್ಬವೋ ಹಬ್ಬ. ಒಂಬತ್ತು ಸಾವಿರ ತಲೆಗಳಿಗೆ ಪಟ್ಟಿ ಬಂತು, ಓದು ಬಿಡುವವರೇ ಇಲ್ಲವಾದರು. ತಮಾಷೆಯೆಂದರೆ, ಅಂಬುಜಾ ಎದ್ದಾಗಲೆಲ್ಲ ಅವರೂ ಏಳುತ್ತಿದ್ದರು. ತರಗತಿಯ ನಡುವೆ ಇಡೀ ಬೆಂಚುಸಾಲು ಎದ್ದು, ನೀರಿನ ಬಾಟಲಿ ಹಿಡಿದು ಬಾಗಿಲ ತನಕ ಹೋಗಿ, ಯಾರನ್ನೋ ನೋಡುವವರ ಹಾಗೆ ಬಗ್ಗಿ ನೋಡಿ, ಬಂದು ಕೂರುವುದು. ಪ್ರೊಫೆಸರುಗಳು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಕಲಿತರು. ಮದುವೆಯಾಗುತ್ತಿದ್ದ ಒಬ್ಬ ವಿದ್ಯಾರ್ಥಿನಿ ಅಕ್ಷತೆ ಬೀಳುವಾಗಲೇ ಎದ್ದುಹೋಗಿ ಬಾಗಿಲು ನೋಡಿ ಬಂದಳೆಂದು ಊರವರೆಲ್ಲ ನಕ್ಕರು. ನಕ್ಕವರೇ ಮರುವರ್ಷ ತಮ್ಮ ಮಕ್ಕಳನ್ನು ತಂದು ಸೇರಿಸಿದರು. ಏನಾದರಾಗಲಿ, ಹುಡುಗ ಡಿಗ್ರಿ ಮುಗಿಸುತ್ತಾನಲ್ಲ.

ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಪರದೆ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಹಸಿರು ಚುಕ್ಕೆ. ಕೂತರೆ ಉರಿಯುತ್ತದೆ, ಎದ್ದರೆ ಮಸುಕಾಗುತ್ತದೆ. ಪಟ್ಟಿ ಸರಿಮಾಡಿಸಿಕೊಳ್ಳಲು ಅಲ್ಲಿಗೆ ಹೋದಾಗ ಅಂಬುಜಾ ಒಮ್ಮೆ ನೋಡಿದಳು, ಮೇಡಂ ತಲೆಗೂ ಪಟ್ಟಿ ಇತ್ತು, ಅಲ್ಲಿ ಕೆಲಸ ಮಾಡುವವರೆಲ್ಲರಿಗೂ ಇತ್ತು.

"ನೀವೂ ಏನ್ರೀ ಮೇಡಂ?"

"ಕೆಲಸ ಭಾಳ ಚಲೋ ಆಗ್ತದವಾ. ಮೊದಲೆಲ್ಲ ಹತ್ತು ಸಲ ಚಹಾಕ್ಕ ಎದ್ದು ಹೋದ್ರ ಒಂದ ಸಲ ತಿರುಗಿ ಬರ್ತಿದ್ವಿ."

ಅಂಬುಜಾ ಪರದೆ ನೋಡುತ್ತ ಕೇಳಿದಳು, "ನಮ್ಮವ್ವ ಹೋದ್ರ ಏನ್ಮಾಡ್ತೀರ್ರಿ?"

"ಅಪಶಕುನ ನುಡೀಬ್ಯಾಡ," ಅಂದರು ಮೇಡಂ, ಅಂದವರು ಅವಳ ಮುಖ ನೋಡಲಿಲ್ಲ.

ತುಳಸವ್ವ ಒಂದು ಮುಂಜಾನೆ ಲಾಳಿಯನ್ನು ಕೈಯಲ್ಲಿ ಹಿಡಿದೇ ಹೋದಳು. ತಟ್ಟಲೂ ಇಲ್ಲ. ಅಂಬುಜಾ ಪುಸ್ತಕ ಹಿಡಿದು ಕಾಯುತ್ತ ಕೂತು, ಬಹಳ ಹೊತ್ತಾಯಿತಲ್ಲ ಎಂದು ತಾನಾಗಿ ಎದ್ದು ನೋಡಿದಾಗ ಮೈ ತಣ್ಣಗಾಗಿತ್ತು. ಅವಳು ಮಂಚದ ಕಾಲು ಹಿಡಿದು ಕೂತಳು. ಪಟ್ಟಿ ಕಿತ್ತಿಟ್ಟಳು. ಓದಿನ ಕೋಣೆಗೆ ಹೋಗಲಿಲ್ಲ.

ಊರಿಂದ ಚಿಕ್ಕವ್ವ ಕಾಳವ್ವ ಬಂದಳು, ತುಳಸವ್ವನ ಒಡಹುಟ್ಟಿದ ತಂಗಿ. ಮಣ್ಣು ಮುಗಿಸಿ ಬಂದ ಮೇಲೆ, ಜೀವ ಹೋದ ಜಾಗವನ್ನು ಒರೆಸಿ ಒಂದು ದೀಪ ಹಚ್ಚಿದಳು, ಪಕ್ಕದಲ್ಲಿ ತುಳಸವ್ವ ಕುಡಿಯುತ್ತಿದ್ದ ಅದೇ ತಂಬಿಗೆ ತುಂಬ ನೀರಿಟ್ಟಳು. ಅವರ ಮನೆತನದ ಪದ್ಧತಿ ಅದು. ಸತ್ತ ಜೀವಕ್ಕೆ ನೀರಡಿಕೆ ಜಾಸ್ತಿ, ಬಾಗಿಲ ತನಕ ಬಂದು ಕುಡಿದು ಹೋಗುತ್ತದೆ. ಹನ್ನೊಂದನೆಯ ದಿನ ತಂಬಿಗೆ ಎತ್ತಿ ನೀರು ಹೊರಗೆ ಚೆಲ್ಲಿದರೆ, ಆಗ ತನ್ನ ದಾರಿ ಹಿಡಿಯುತ್ತದೆ.

"ನೀರು ಕಡಿಮಿ ಆದಂಗೆಲ್ಲ ಹಾಕ್ಕೋಂತ ಇರವಾ," ಅಂದಳು ಕಾಳವ್ವ. "ಜೀವಂತ ಇದ್ದಾಗ ಚಂದಂಗ ನೋಡ್ಕೊಂಡೀದಿ. ಈಗ್ಯಾಕ ನೀರಿಗೆ ಬಾಯಿ ಬಿಡಸ್ತಿ?"

ಬೇಸಿಗೆಯ ಕಾಲ, ನೀರು ಇಳಿಯುತ್ತಲೇ ಇತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅಂಬುಜಾ ತಂಬಿಗೆ ತುಂಬಿಸಿ, ಸೆರಗಿನಿಂದ ಅದರ ಅಂಚು ಒರೆಸಿ ಹಿಂದಿರುಗಿದಳು. ಅಡುಗೆಮನೆಗೆ ಹೋಗುತ್ತಿದ್ದೇನೆ ಎಂದುಕೊಂಡಿದ್ದಳು. ನೋಡಿದರೆ ಪುಸ್ತಕದ ಮುಂದೆ ಕೂತಿದ್ದಳು, ಬೆರಳು ಅವ್ವ ಸತ್ತ ದಿನ ಬಿಟ್ಟ ಪದದ ಮೇಲಿತ್ತು, ಹಿಂದಲೆಗೆ ಪಟ್ಟಿ ಇತ್ತು.

ಮೇಡಂ ಓಡೋಡಿ ಬಂದರು. ಮೂರು ದಿನದಿಂದ ಹಾಸ್ಟೆಲುಗಳು ಬರಿದಾಗುತ್ತಿದ್ದವಂತೆ, ಹುಡುಗರು ಎದ್ದವರು ಎದ್ದ ಹಾಗೇ ಹೋಗಿ ಬಸ್ಸು ಹತ್ತುತ್ತಿದ್ದರಂತೆ. ಈಗ ಒಂದೊಂದೇ ಚುಕ್ಕೆ ಹೊತ್ತಿಕೊಳ್ಳುತ್ತಿದೆ, ದಾರಿಯಲ್ಲಿದ್ದವರೂ ಹೊರಳಿ ಬರುತ್ತಿದ್ದಾರೆ. ಮೇಡಂ ಅಂಬುಜಾಳ ಎರಡೂ ಕೈ ಹಿಡಿದು, "ನಿನ್ನ ಉಪಕಾರ ಹೆಂಗ ತೀರಸ್ಲಿ," ಅಂದರು. ಒಳಗಿಂದ ಕಾಳವ್ವ, "ಊರಿಗೆ ಉಪಕಾರಿ, ಮನಿಗೆ ಮಾರಿ," ಎಂದು ಗೊಣಗಿದ್ದು ಇಬ್ಬರಿಗೂ ಕೇಳಿಸಿತು.

ಕಿಟಕಿಯಿಂದ ದೊಡ್ಡ ಗೇಟು ಕಾಣುತ್ತಿತ್ತು. ಒಬ್ಬ ಹುಡುಗ ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನ ತನಕ ಬರುವುದು, ನಿಲ್ಲುವುದು, ಹೊರಳಿ ಹೋಗುವುದು. ಮರುದಿನವೂ ಅದೇ. ಅದರ ಮರುದಿನ ಅಂಬುಜಾ ಹೊರಗೆ ಹೋಗಿ ಅವನನ್ನು ಮಾತಾಡಿಸಿದಳು. ಹೆಸರು ಯಮನೂರಪ್ಪ, ಕೊಪ್ಪಳದ ಕಡೆಯವನು, ಬಿ.ಎಸ್ಸಿ. ಎರಡನೆಯ ವರ್ಷ.

"ಯಾಕೋ ತಮ್ಮಾ, ದಿನಾ ಇಲ್ಲಿತನಕ ಬಂದು ಹೊಳ್ಳಿ ಹೋಗ್ತಿಯಲ್ಲ?"

"ಊರಿಗೆ ಹೊಂಟೇನ್ರೀ ಅಕ್ಕಾರ. ಅವ್ವಗ ಆರಾಮಿಲ್ಲ, ಡಾಕ್ಟರು ಕೈ ಬಿಟ್ಟಾರ. ಒಮ್ಮೆ ಮಾರಿ ತೋರಿಸಿ ಹೋಗಪಾ ಅಂತ ಫೋನ್ ಮಾಡಸ್ತಾಳ."

"ಮತ್ತ ಹೋಗು."

"ಹೋಗ್ಬೇಕಂತ ಬರ್ತೇನ್ರೀ. ಆಮ್ಯಾಲೆ ನೋಡಿದ್ರ ಹಾಸ್ಟೆಲಿನ್ಯಾಗ ಪುಸ್ತಕದ ಮುಂದ ಕೂತಿರ್ತೇನಿ. ಹೆಂಗ ಬಂದೆ ಅನ್ನೂದ ಗೊತ್ತಾಗೂದಿಲ್ಲ."

"ತಲೀ ಪಟ್ಟಿ ತಗದು ಒಗಿ."

"ಒಗದೇನ್ರೀ. ಬಾವ್ಯಾಗ ಒಗದಿದ್ದೆ ಒಮ್ಮೆ. ಆಫೀಸಿಗೆ ಹೋಗಿ ಬ್ಯಾರೆ ಇಸಗೊಂಡು ಬಂದು ಕಟಗೊಂಡೇನಿ, ನಾನ." ಹುಡುಗ ನಗಲು ನೋಡಿದ, ಆಗಲಿಲ್ಲ. "ಹೋದ ವಾರ ಏನಾಗಿತ್ತೋ, ತಲಿ ಹಗುರ ಆಗಿತ್ರೀ. ಬಸ್ ಹತ್ತಿದೆ. ಮುಂಜಾನೆ ನಮ್ಮೂರ ಅಗಸಿ ಬಾಗಲದ ಮುಂದ ಇಳದೆ. ಅವ್ವನ್ನ ಹೊರಗ ಕಟ್ಟಿ ಮ್ಯಾಲೆ ಎಳಿಬಿಸಲಿಗೆ ಕುಂಡ್ರಿಸಿದ್ರು. ನನ್ನ ನೋಡಿ ಕೈ ಎತ್ತಿದ್ಲು. ಅಷ್ಟರಾಗ ಕಾಲು ಹೊಳ್ಳಿಬಿಟ್ಟುವ್ರೀ."

"ಯಾವತ್ತು?"

ಅವನು ಹೇಳಿದ. ಅಂಬುಜಾ ತಂಬಿಗೆ ತುಂಬಿಸಿದ ಬೆಳಿಗ್ಗೆ. ಅಂದು ಅವಳು ಪುಸ್ತಕದ ಮುಂದೆ ಕೂತಳು, ಇವನು ಅವ್ವ ಎತ್ತಿದ ಕೈಯನ್ನು ಹಾಗೇ ಬಿಟ್ಟು ಬಂದ. ತಾನು ಯಾರೆಂದು ಅವಳು ಹೇಳಲಿಲ್ಲ. ನಾಚಿಕೆಯಾಯಿತು. ಇದನ್ನು ನಿಲ್ಲಿಸದೆ ಇನ್ನೊಂದು ತುತ್ತು ಇಳಿಯುವುದಿಲ್ಲ ಅನಿಸಿತು. "ಇವತ್ತ ಬಿಡಸ್ತೇನಿ, ಇಲ್ಲೇ ನಿಂತಿರು," ಅಂದು ನೆಟ್ಟಗೆ ನಿಯಂತ್ರಣ ಕೊಠಡಿಗೆ ನಡೆದಳು.

"ಬಂದ್ ಮಾಡ್ರಿ ಮೇಡಂ."

ಮೇಡಂ ಏನೋ ಟೈಪು ಮಾಡುತ್ತಿದ್ದರು. "ಬಂದ್ ಮಾಡಿದ್ರ ಏನಾಗ್ತದ ಅಂತ ಆ ಮೂರು ದಿನ ನೋಡಿದ್ವಲ್ಲ. ಅರ್ಧ ಹಾಸ್ಟೆಲ್ ಖಾಲಿ ಆತು. ಆ ಹೆಣ್ಣುಮಕ್ಕಳು ಮನಿಗೆ ಹೋದ್ರ ಮತ್ತ ಬರ್ತಾರೇನು? ಲಗ್ನ ಮಾಡಿ ಕೈ ತೊಳಕೋತಾರ."

"ಗೊತ್ತೈತ್ರಿ. ನಾನೂ ಹೆಣ್ಣಮಗಳ. ಆದ್ರ ಆ ಹುಡುಗನ ಅವ್ವ ಸಾಯಾಕತ್ತಾಳ, ಅವಗ ಊರಿಗೆ ಹೋಗಾಕ ಆಗವಲ್ದು. ಎದ್ದು ಬರೂದು ನಾ ಯಾಕ ಕಲಿತಿದ್ದೆ ಮೇಡಂ? ನಮ್ಮವ್ವನ ಸಲುವಾಗಿ ಕಲಿತಿದ್ದೆ. ನೀವು ಅದನ್ನ ಒಯ್ದು, ಮಂದಿ ಮಕ್ಕಳು ಅವರವ್ವನ ಕಡೆ ಹೋಗದಂಗ ಮಾಡೀರಿ."

ಮೇಡಂ ಪದದ ಅರ್ಧಕ್ಕೇ ಟೈಪು ನಿಲ್ಲಿಸಿದರು. ಕೆಟ್ಟವರೇನಲ್ಲ ಅವರು, ಅದನ್ನು ಹೇಳಲೇಬೇಕು. ಕಣ್ಣು ಒರೆಸಿಕೊಂಡು, "ಆತು," ಅಂದರು. ಎದ್ದರು. ಗೋಡೆಯಲ್ಲಿ ಕೆಂಪು ಹಿಡಿಯ ದೊಡ್ಡ ಸ್ವಿಚ್ಚಿತ್ತು. ಅದರ ತನಕ ಹೋದರು, ಹಿಡಿಯ ಮೇಲೆ ಕೈಯಿಟ್ಟರು. ಬಗ್ಗಿ, ಯಾರನ್ನೋ ನೋಡುವವರ ಹಾಗೆ ನೋಡಿದರು. ಹೊರಳಿದರು, ಬಂದರು, ಕೂತರು, ಅರ್ಧಕ್ಕೆ ಬಿಟ್ಟಿದ್ದ ಪದವನ್ನು ಟೈಪು ಮಾಡಿ ಮುಗಿಸಿದರು.

"ಮೇಡಂ?"

"ಹಾಂ. ಬಂದ್ ಮಾಡ್ತೀನಿ ಅಂದೆನಲ್ಲ." ಮತ್ತೆ ಎದ್ದರು, ಹೋದರು, ಬಂದರು, ಕೂತರು. ಮೂರನೆಯ ಸಲ ಕೂತಾಗ ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು, ಬೆರಳುಗಳು ಟೈಪು ಮಾಡುತ್ತಲೇ ಇದ್ದವು. "ಭಾಳ ದಿನದಿಂದ ಹಿಂಗ ಅದ ಅಂಬುಜಾ," ಅಂದರು. "ನಿಂದೊಂದ ತರಂಗ ಇತ್ತು ಮೊದಲ. ಈಗ ಇಷ್ಟು ಸಾವಿರ ತಲಿ ಅದನ್ನ ತಿರುಗಿಸಿ ಕೊಡ್ಲಿಕ್ಕತ್ತಾವ. ಪಟ್ಟಿ ತಗದ್ರೂ ಹೋಗೂದಿಲ್ಲ ಅದು, ಒಳಗ ಬೇರು ಬಿಟ್ಟದ. ಆ ಮೂರು ದಿನ ನೀ ಓದ್ಲಿಕ್ಕೆ ಕೂಡಲಿಲ್ಲ, ಒಣಗಿದಂಗ ಕಂಡಿತು, ನೀ ಕೂತ ಕೂಡ್ಲೆ ಮತ್ತ ಚಿಗುರಿತು. ನನಗೂ ಬಿಟ್ಟದ, ನಿನಗೂ ಬಿಟ್ಟದ. ನಿನಗ ಹೇಳ್ಲಿಕ್ಕೆ ಧೈರ್ಯ ಆಗಿದ್ದಿಲ್ಲ."

ಅಂಬುಜಾ ತಾನೇ ಸ್ವಿಚ್ಚಿನತ್ತ ಓಡಿದಳು. ಕೆಂಪು ಹಿಡಿ ಅಂಗೈಗೆ ತಣ್ಣಗೆ ತಾಗಿದ್ದು ಅವಳಿಗೆ ನೆನಪಿದೆ. ಆಮೇಲೆ ನೆನಪಿರುವುದು ಪುಸ್ತಕದ ಪುಟ, ಬೆರಳಡಿಯ ಪದ, ಪಕ್ಕದ ಕೋಣೆಯ ದೀಪ. ಕಿಟಕಿಯಲ್ಲಿ ನೋಡಿದಳು. ಗೇಟಿನ ಹತ್ತಿರ ಯಮನೂರಪ್ಪ ಇರಲಿಲ್ಲ.

ಹನ್ನೊಂದನೆಯ ದಿನ ಬಂತು. ಇದನ್ನೆಲ್ಲ ಕೇಳಿದ ಕಾಳವ್ವ ಹೆದರುವ ಹೆಂಗಸಲ್ಲ. ಅಂಬುಜಾಳ ತಲೆಯಿಂದ ಪಟ್ಟಿ ಬಿಚ್ಚಿ, ಅಂಗಳದಲ್ಲಿಟ್ಟು, ರುಬ್ಬುವ ಗುಂಡುಕಲ್ಲಿನಿಂದ ಜಜ್ಜಿ ಪುಡಿ ಮಾಡಿದಳು. ತಂಬಿಗೆ ಎತ್ತಿ ನೀರನ್ನು ಹೊರಗೆ ಚೆಲ್ಲಿದಳು. "ಹೋಗಕ್ಕಾ, ನಿನ್ನ ದಾರಿ ಹಿಡಿ," ಅಂದಳು. ತಂಬಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಅಂಬುಜಾಳ ರಟ್ಟೆ ಹಿಡಿದಳು. "ನಡಿ. ಮಗ್ಗದ ಮನಿ ಬಾಗಿಲಾ ತಗಿಯೂಣು. ಓದಿದ್ದು ಸಾಕು."

ಸಾಕು ಎಂಬ ಮಾತನ್ನು ಎಷ್ಟೋ ವರ್ಷದಿಂದ ಯಾರೂ ಅವಳಿಗೆ ಹೇಳಿರಲಿಲ್ಲ. ಅಂಬುಜಾ ಅಳುತ್ತ ಅಳುತ್ತಲೇ ನಕ್ಕಳು. ಬಸ್ಸು ಹತ್ತಿದರು. ಕಿಟಕಿ ಪಕ್ಕ ಕೂತು ಚಿಕ್ಕವ್ವನ ಹೆಗಲಿಗೆ ತಲೆಯಿಟ್ಟಳು. ಗುಡ್ಡ ಹಿಂದಾಯಿತು, ಹೊಳೆ ಹಿಂದಾಯಿತು. ಯಾವುದೋ ಊರಿನಲ್ಲಿ ಬಸ್ಸು ನಿಂತಾಗ, "ನೀರು ತರ್ತೇನಿ," ಎಂದು ಬಾಟಲಿ ಹಿಡಿದು ಇಳಿದಳು.

ಕಾಳವ್ವ ಕಾದಳು, ಹುಡುಕಿದಳು, ಕೂಗಿದಳು. ಮತ್ತೆ ಆ ದಾರಿಯಲ್ಲೇ ಇನ್ನೊಂದು ಬಸ್ಸು ಹಿಡಿದು ಕ್ವಾರ್ಟರ್ಸಿಗೆ ಬಂದಾಗ ಬಾಗಿಲು ತೆರೆದಿತ್ತು. ಅಂಬುಜಾ ಪುಸ್ತಕದ ಮುಂದೆ ಕೂತಿದ್ದಳು. ಹಿಂದಲೆಗೆ ಹೊಸ ಪಟ್ಟಿ. ಕಾಳವ್ವ ನೋಡುತ್ತಿದ್ದ ಹಾಗೆಯೇ ಎದ್ದಳು, ಪಕ್ಕದ ಕೋಣೆಗೆ ಹೋದಳು, ತಂಬಿಗೆ ಇರುತ್ತಿದ್ದ ಬರಿಯ ನೆಲಕ್ಕೆ ಬಗ್ಗಿ ಕೈಯಾಡಿಸಿದಳು. ಏನೂ ಸಿಗದೆ ಸೆರಗಿನಿಂದ ಗಾಳಿಯನ್ನೇ ಒರೆಸಿ ಬಂದು ಕೂತಳು. ಕೂತವಳು ಕಾಳವ್ವನ ಕಡೆ ನೋಡಿ ಮೆಲ್ಲಗೆ, "ಚಿಕ್ಕವ್ವಾ, ನನಗ ಬಿಡಾಕ ಬರವಲ್ದು," ಅಂದಳು.

ಮತ್ತೆ ಎದ್ದಳು, ಹೋದಳು, ನೆಲ ತಡವಿದಳು, ಬಂದಳು. ಕಾಳವ್ವ ಬಾಗಿಲಲ್ಲೇ ಕುಸಿದು ಕೂತು ಸಂಜೆಯ ತನಕ ನೋಡಿದಳು. ಬೈದಳು, ಅತ್ತಳು, ದೇವರನ್ನೂ ಮೇಡಂ ಅವರನ್ನೂ ಒಟ್ಟಿಗೇ ಶಪಿಸಿದಳು. ಕೊನೆಗೆ ತಡೆಯಲಾಗಲಿಲ್ಲ. ಚೀಲದಿಂದ ತಂಬಿಗೆ ತೆಗೆದು, ತೊಳೆದು, ನೀರು ತುಂಬಿ, ಅದೇ ಜಾಗದಲ್ಲಿಟ್ಟಳು. ಕೂಸು ಬರಿ ನೆಲಕ್ಕೆ ಏಳುವುದು ಬೇಡ ಎಂದು. ಇನ್ನು ತುಳಸವ್ವನಿಗೂ ಹೋಗಲು ಆಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. "ತಪ್ಪಾತಕ್ಕಾ," ಅಂದಳು ನೆಲ ನೋಡುತ್ತ, "ನಿನ್ನ ಮಗಳು ಒಬ್ಬಾಕೆ ಅದಾಳ. ನೀನೂ ಇಲ್ಲೇ ಇರು."

ಮಳೆಗಾಲ ಹತ್ತಿರ ಬಂದಿತ್ತು. ಹಾಸ್ಟೆಲಿನಲ್ಲಿ ಯಮನೂರಪ್ಪನಿಗೆ ಊರಿಂದ ಫೋನು ಬಂತು, ಅವ್ವ ಹೋದಳೆಂದು. ಮಣ್ಣಿಗೆ ಹೋಗಲು ಅವನು ಗೇಟಿನ ತನಕ ಬಂದ. ಅಂಬುಜಾ ಕಿಟಕಿಯಲ್ಲಿ ಕಂಡಳು. ಅವನ ಹೆಗಲಿಗೆ ಚೀಲ ಇರಲಿಲ್ಲ, ಕೈಯಲ್ಲಿ ಒಂದು ತಂಬಿಗೆ ಇತ್ತು. ಅಂಬುಜಾಳ ಮನೆತನದ ಆ ಪದ್ಧತಿಯನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ನಿಂತ, ಹೊರಳಿದ, ನೀರು ತುಳುಕದ ಹಾಗೆ ನಿಧಾನವಾಗಿ ನಡೆದುಹೋದ.

ಅಂಬುಜಾ ಬಿಟ್ಟ ಪದಕ್ಕೆ ಬೆರಳಿಟ್ಟು ಮುಂದಿನ ಸಾಲು ಓದಿದಳು.